ಕೀಳುವ ಮೊದಲು ಕೇಳು

ನನ್ನ ಗುರುಗಳು ವಾಲ್ವ್ ರೇಡಿಯೊ ಕಾಲದವರು. ಗಿರಾಕಿ ರೇಡಿಯೊ ತಂದಿಟ್ಟ ಕೂಡಲೇ ನಾನು ವಾಲ್ವ್‌ಗೆ ಕೈ ಹಾಕಿದರೆ ಸ್ಕ್ರೂಡ್ರೈವರ್ ಹಿಡಿಯಿಂದ ಬೆರಳ ಮೇಲೆ ಒಂದು ಬಿಡುತ್ತಿದ್ದರು. “ಕೀಳೋ ಮೊದ್ಲು ಕೇಳೋ!” ಕಿತ್ತರೆ ಏನಾಯಿತು, ಮತ್ತೆ ಸಾಕೆಟ್ಟಿಗೆ ಒತ್ತಿದರಾಯಿತು ಎಂದು ನಾನು ಒಳಗೊಳಗೇ ಗೊಣಗುತ್ತಿದ್ದೆ. ವಾಲ್ವ್ ಮಟ್ಟಿಗೆ ಅದು ನಿಜವೂ ಹೌದು. ಬೆಸುಗೆ ಹಾಕಿ ಕೂರಿಸಿದ ಮೆಮೊರಿ ಚಿಪ್ ಮಾತ್ರ ಹಾಗಲ್ಲ. ಹದಿನಾರು ಕಾಲಿನ ಆ ಜೀವವನ್ನು ಒಮ್ಮೆ ಕಿತ್ತರೆ ಅದು ಸಾಮಾನ್ಯವಾಗಿ ಹಿಂದಕ್ಕೆ ಹೋಗುವುದಿಲ್ಲ. ಗುರುಗಳ ಮಾತಿನ ತೂಕ ನನಗೆ ತಿಳಿದದ್ದು ಅವರು ಹೋಗಿ ಎಷ್ಟೋ ವರ್ಷಕ್ಕೆ, ಹಳೆ ಕಂಪ್ಯೂಟರ್‌ಗಳ ಚಟ ಅಂಟಿದ ಮೇಲೆ.

ಮೂಡಿಗೆರೆಯಲ್ಲಿ ಕೂತವನಿಗೆ ಹಳೆ ಕಂಪ್ಯೂಟರ್ ಎಲ್ಲಿ ಸಿಗುತ್ತದೆ ಎಂದು ಕೇಳುವವರುಂಟು. ತೋಟದ ಮನೆಗಳ ಅಟ್ಟ ಹತ್ತಿದರೆ ಗೊತ್ತಾಗುತ್ತದೆ. ಹೊರದೇಶಕ್ಕೆ ಓದಲು ಹೋದ ಮಗ ತಂದದ್ದು, ಹಾಸ್ಟೆಲ್ ಬಿಟ್ಟು ಬರುವಾಗ ಮೊಮ್ಮಗ ಹೊತ್ತು ತಂದದ್ದು, ಎಲ್ಲವೂ ಅಲ್ಲಿ ಗೋಣಿಚೀಲದ ಅಡಿಯಲ್ಲಿ ಮಲಗಿರುತ್ತವೆ. ಇಂಗ್ಲೆಂಡಿನಲ್ಲಿ 1982ರಲ್ಲಿ ಬಂದ ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನು ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಅದೇ ದಶಕದಲ್ಲಿ ಇಲ್ಲೇ ಜೋಡಿಸಿ ಡಿಬಿ ಸ್ಪೆಕ್ಟ್ರಮ್ ಎಂದು ಮಾರುತ್ತಿತ್ತು. ಶಾಲೆಗಳಿಗೆ ಕೇಂದ್ರ ಸರ್ಕಾರ 1984ರಲ್ಲಿ ಶುರು ಮಾಡಿದ ಕ್ಲಾಸ್ ಯೋಜನೆಯಲ್ಲಿ ಬಿಬಿಸಿ ಮೈಕ್ರೊಗಳು ಬಂದವು.

ನಾನು ಇಲ್ಲಿ ಹೇಳುವ ಪಾಠಗಳಲ್ಲಿ ಹೆಚ್ಚಿನವು ಒಂದೇ ಮಿಷಿನ್ ಸುತ್ತ ತಿರುಗುತ್ತವೆ. ಕಳಸದ ಕಡೆಯ ಗೌಡ್ರೊಬ್ಬರು ಒಂದು ಆಗಸ್ಟ್‌ನಲ್ಲಿ, ಜಡಿ ಮಳೆಯಲ್ಲಿ, ತಗಡಿನ ಟ್ರಂಕ್ ಹೊತ್ತು ಅಂಗಡಿಗೆ ಬಂದರು. ಒಳಗೆ ಅವರಣ್ಣ ಲಂಡನ್ನಿಂದ ತಂದ 48ಕೆ ಸ್ಪೆಕ್ಟ್ರಮ್. “ಮೊಮ್ಮಕ್ಕಳು ದಸರಾ ರಜಕ್ಕೆ ಬರ್ತವೆ ಮಾರಾಯ. ಒಂದ್ಸಲ ನಡೆಸಿ ತೋರಿಸ್ಬೇಕು.”

1. ಮೊದಲು ಬಿಸಿ, ಆಮೇಲೆ ಕರೆಂಟು

ಅಟ್ಟದಿಂದ ಇಳಿಸಿದ ಮಿಷಿನ್‌ಗೆ ಅವತ್ತೇ ಕರೆಂಟು ಕೊಡಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಭರಣಿಯೊಳಗಿನ ಉಪ್ಪು ನೀರಾಗುತ್ತದೆ, ಬಾಗಿಲ ಹಿಂದಿನ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಬೋರ್ಡಿನ ಮೇಲೆ ಕೂತ ಧೂಳು ಅದೇ ತೇವ ಕುಡಿದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕರೆಂಟು ಸೋರುವ ದಾರಿ ಮಾಡಿಕೊಡುತ್ತದೆ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ರಟ್ಟಿನ ಡಬ್ಬದಲ್ಲಿ 40 ವ್ಯಾಟ್ ಬಲ್ಬ್ ಉರಿಸಿ ಅದರ ಪಕ್ಕ ಎರಡು ದಿನ ಇಡುತ್ತೇನೆ. ಒದ್ದೆ ಕಾಫಿಯನ್ನು ಮೂಟೆ ಕಟ್ಟದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಣಗಿದ ಮೇಲೆ ಚಿಪ್ಪುಗಳ ಕಾಲು ನೋಡಿ. ಕಪ್ಪಾಗಿದ್ದರೆ ಹೆದರಬೇಡಿ, ಅದು ಬೆಳ್ಳಿಯ ಲೇಪ ಮಾಸಿದ್ದು. ಹಸಿರಾಗಿದ್ದರೆ ಹೆದರಿ. ಸಾಕೆಟ್ಟಿನಲ್ಲಿ ಕೂತ ಚಿಪ್‌ಗಳನ್ನು ನಿಧಾನ ಎಬ್ಬಿಸಿ, ಕಾಲು ಒರೆಸಿ, ಮತ್ತೆ ಕೂರಿಸಿ. ಮೆಮೊರಿ ಕೆಟ್ಟಿದೆ ಎಂದು ಬಂದ ಒಂದೆರಡು ಮಿಷಿನ್ ನನ್ನಲ್ಲಿ ಇಷ್ಟಕ್ಕೇ ಎದ್ದು ಕೂತಿವೆ.

2. ಪಿನ್ ಹೊಕ್ಕಿತು ಅಂದರೆ ಅಡಾಪ್ಟರ್ ಸರಿ ಅಂತಲ್ಲ

ಸ್ಪೆಕ್ಟ್ರಮ್‌ಗೆ ಬೇಕಾದ್ದು 9 ವೋಲ್ಟ್ ಡಿಸಿ. ಪಿನ್ನಿನ ಒಳಭಾಗ ಮೈನಸ್, ಹೊರಭಾಗ ಪ್ಲಸ್. ಈಗ ಅಂಗಡಿಯಲ್ಲಿ ಸಿಗುವ ಬಹುಪಾಲು ಅಡಾಪ್ಟರ್ ಇದಕ್ಕೆ ತದ್ವಿರುದ್ಧ. ನಾನು ಕೈಯಿಟ್ಟ ಮೊಟ್ಟಮೊದಲ ಸ್ಪೆಕ್ಟ್ರಮ್ ಹೊಗೆ ಬಿಟ್ಟದ್ದು ಈ ಕಾರಣಕ್ಕೆ. ಅದು ಸಿಂಕ್ಲೇರನ ತಪ್ಪೂ ಅಲ್ಲ, ಅಡಾಪ್ಟರ್ ಮಾರಿದವನ ತಪ್ಪೂ ಅಲ್ಲ. ಮೀಟರ್ ನನ್ನ ಜೇಬಿನಲ್ಲೇ ಇತ್ತು. ಹಳೆ ಸಿಂಕ್ಲೇರ್ ಅಡಾಪ್ಟರ್ ಸಿಕ್ಕಿದರೆ ಬರಿದೇ ಅಳೆದಾಗ 12–13 ವೋಲ್ಟ್ ತೋರಿಸಬಹುದು, ಗಾಬರಿ ಬೇಡ. ಅದು ರೆಗ್ಯುಲೇಟರ್ ಇಲ್ಲದ್ದು, ಲೋಡ್ ಬಿದ್ದಾಗ ಇಳಿಯುತ್ತದೆ.

3. ಮೂರು ವೋಲ್ಟೇಜ್‌ಗಳಲ್ಲಿ ಚಿಕ್ಕದೇ ದೊಡ್ಡದು

ಸ್ಪೆಕ್ಟ್ರಮ್‌ನ ಕೆಳಗಿನ 16ಕೆ ಮೆಮೊರಿ ಅಂದರೆ ಎಂಟು ‘4116’ ಚಿಪ್, ಬೋರ್ಡಿನ ಮೇಲೆ ಐಸಿ 6ರಿಂದ ಐಸಿ 13. ಅಮೆರಿಕದ ಮಾಸ್ಟೆಕ್ ಕಂಪನಿ 1970ರ ದಶಕದಲ್ಲಿ ಹೊರತಂದ ಈ ಜಾತಿಗೆ ಮೂರು ವೋಲ್ಟೇಜ್ ಬೇಕು. ಒಂದನೇ ಕಾಲಿಗೆ −5, ಎಂಟನೇ ಕಾಲಿಗೆ +12, ಒಂಬತ್ತನೇ ಕಾಲಿಗೆ +5, ಹದಿನಾರನೆಯದು ಗ್ರೌಂಡ್. ಮೂರರಲ್ಲಿ −5 ಎಳೆಯುವ ಕರೆಂಟು ಅತಿ ಕಡಿಮೆ. ಆದರೆ ಅದು ತಪ್ಪಿ +12 ಮಾತ್ರ ಬಂದರೆ ಚಿಪ್ಪುಗಳು ಕಾದು ಸಾಯುತ್ತವೆ.

ಇಲ್ಲೊಂದು ಸುಳಿ ಇದೆ. +12, −5 ಎರಡನ್ನೂ ಹುಟ್ಟಿಸುವುದು ಬೋರ್ಡಿನ ಮೇಲಿನ ಒಂದು ಕಾಯಿಲ್ ಮತ್ತು ಟಿಆರ್4, ಟಿಆರ್5 ಎಂಬ ಎರಡು ಟ್ರಾನ್ಸಿಸ್ಟರ್. ಒಂದು ಮೆಮೊರಿ ಚಿಪ್ ಒಳಗೇ ಶಾರ್ಟ್ ಆದರೆ ಟಿಆರ್4 ಸುಡುತ್ತದೆ. ಬರೀ ಟಿಆರ್4 ಬದಲಾಯಿಸಿ ಕರೆಂಟು ಕೊಟ್ಟರೆ ಹೊಸ ಟ್ರಾನ್ಸಿಸ್ಟರೂ ಅದೇ ದಾರಿ ಹಿಡಿಯುತ್ತದೆ. ಹಾಗೆ ಮೂರು ಟ್ರಾನ್ಸಿಸ್ಟರ್ ಸುಟ್ಟ ಮೇಲೆ ನನಗೆ ಬುದ್ಧಿ ಬಂತು. ಈಗ ಕರೆಂಟು ಕೊಡುವ ಮೊದಲೇ ಒಂದು, ಎಂಟು, ಒಂಬತ್ತನೇ ಕಾಲುಗಳಿಂದ ಗ್ರೌಂಡ್‌ಗೆ ಓಮ್ ಅಳೆಯುತ್ತೇನೆ. ಸೊನ್ನೆಯ ಹತ್ತಿರ ಬಂದರೆ ಅಲ್ಲೇ ನಿಲ್ಲುತ್ತೇನೆ. ಎಂಟು ಚಿಪ್ ಒಂದೇ ತಂತಿಗೆ ಜೋತಿರುವಾಗ ಶಾರ್ಟ್ ಯಾವುದರಲ್ಲಿ ಎಂದು ಮೀಟರ್ ಹೇಳುವುದಿಲ್ಲ. ಬೆಂಚ್ ಪವರ್ ಸಪ್ಲೈಯಿಂದ ಒಂದು ವೋಲ್ಟಿನಷ್ಟನ್ನು, ಕರೆಂಟಿಗೆ ಮಿತಿ ಇಟ್ಟು, ಆ ತಂತಿಗೆ ಕೊಟ್ಟು ಯಾವುದು ಬೆಚ್ಚಗಾಗುತ್ತದೆ ನೋಡಬೇಕು.

ಬಿಬಿಸಿ ಮೈಕ್ರೊದಲ್ಲಿ ಈ ರಗಳೆ ಇಲ್ಲ. ಅದರ 32ಕೆ ಮೆಮೊರಿಯ ಹದಿನಾರು ‘4816’ ಚಿಪ್‌ಗಳಿಗೆ 5 ವೋಲ್ಟ್ ಒಂದೇ ಸಾಕು.

4. ತೆರೆಯೇ ಜಾತಕ

ಗೌಡ್ರ ಮಿಷಿನ್‌ನಲ್ಲಿ ಮೂರೂ ವೋಲ್ಟೇಜ್ ಸರಿ ಇದ್ದವು. ಟೀವಿಗೆ ಜೋಡಿಸಿ ಕರೆಂಟು ಕೊಟ್ಟಾಗ ಬಂದದ್ದು ಹಸಿರು ತೆರೆ, ಮೇಲೆ ಕೆಂಪು ಗೆರೆಗಳು, ಆಮೇಲೆ ಕಲಸು ಮೇಲೋಗರ.

ಚೆನ್ನಾಗಿರುವ ಸ್ಪೆಕ್ಟ್ರಮ್ ಎದ್ದೇಳುವಾಗ ಏನು ಮಾಡುತ್ತದೆ ಎಂಬುದು ಗೊತ್ತಿದ್ದರೆ ಈ ಹಸಿರು ಮಾತಾಡುತ್ತದೆ. ಅದು ತನ್ನ ಮೆಮೊರಿಯ, ಅಂದರೆ ರಾಮ್‌ನ, ಎಲ್ಲ ಮನೆಗಳಿಗೂ ಮೊದಲು 2 ಎಂಬ ಅಂಕಿ ಬರೆಯುತ್ತದೆ. ತೆರೆಯ ಚಿತ್ರ ಇರುವುದೂ ಅದೇ ಕೆಳಗಿನ ಮೆಮೊರಿಯಲ್ಲಿ, 16384ನೇ ಮನೆಯಿಂದ 6912 ಬೈಟ್. ಹಾಗಾಗಿ ಬರೆದ 2 ಅಲ್ಲೇ ಕಾಣುತ್ತದೆ. ಚುಕ್ಕೆಗಳ ಜಾಗದಲ್ಲಿ 2 ಅಂದರೆ ಪ್ರತಿ ಎಂಟು ಚುಕ್ಕೆಗೆ ಬಲದಿಂದ ಎರಡನೆಯದು ಮಾತ್ರ ಬೆಳಗುವುದು. ಬಣ್ಣದ ಜಾಗದಲ್ಲಿ 2 ಅಂದರೆ ಕಪ್ಪು ಹಿನ್ನೆಲೆ, ಕೆಂಪು ಶಾಯಿ. ಆದ್ದರಿಂದ ಕ್ಷಣಕಾಲ ಕಪ್ಪು ತೆರೆಯ ಮೇಲೆ 32 ತೆಳು ಕೆಂಪು ಗೆರೆ ಮೂಡಿ, ಆಮೇಲೆ ತೆರೆ ಬೆಳ್ಳಗಾಗಿ ಕೆಳಗೆ ಕಂಪನಿಯ ಹೆಸರು ಬರಬೇಕು.

ಒಂದು ಚಿಪ್‌ನ ಪಾಲು ಒಂದು ಬಿಟ್. ಗೌಡ್ರ ಮಿಷಿನ್‌ನಲ್ಲಿ ಕಪ್ಪು ಇರಬೇಕಾದಲ್ಲಿ ಹಸಿರು ಬಂದಿದೆ ಅಂದರೆ ಹಿನ್ನೆಲೆಗೆ ಹಸಿರು ಕೊಡುವ 5ನೇ ಬಿಟ್ ‘1’ರಲ್ಲೇ ಕಚ್ಚಿಕೊಂಡಿದೆ. ಹಾಗಿದ್ದರೆ ಚುಕ್ಕೆಗಳಲ್ಲೂ ಎಡದಿಂದ ಮೂರನೆಯದು ಹೆಚ್ಚಾಗಿ ಬೆಳಗಬೇಕು. ಮೊಬೈಲಿನಲ್ಲಿ ವಿಡಿಯೊ ಹಿಡಿದು, ನಿಲ್ಲಿಸಿ, ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಎಂಟು ಚುಕ್ಕೆಗೆ ಒಂದರ ಬದಲು ಎರಡು ಗೆರೆ, ಎರಡನೆಯದು ಎಡದಿಂದ ಮೂರನೇ ಜಾಗದಲ್ಲೇ. ಸೊನ್ನೆಯಿಂದ ಎಣಿಸಿದರೆ ಐಸಿ 6 ಸೊನ್ನೆಯ ಬಿಟ್, ಐಸಿ 11 ಐದನೆಯ ಬಿಟ್. ಇನ್ನೂ ಸೋಲ್ಡರಿಂಗ್ ಐರನ್ ಬಿಸಿಯಾಗಿರಲಿಲ್ಲ, ಆರೋಪಿ ಸಿಕ್ಕಿದ್ದ.

5. ಬೆರಳು ಹೇಳುವುದು ಅರ್ಧ ಮಾತು

ಚಿಪ್ಪುಗಳನ್ನು ಮುಟ್ಟಿ ನೋಡುವುದು ಒಳ್ಳೆಯ ಅಭ್ಯಾಸ. ಆದರೆ 4116 ಚೆನ್ನಾಗಿದ್ದರೂ ಬೆಚ್ಚಗಿರುತ್ತದೆ. ಬಿಸಿ ಇದ್ದದ್ದೇ ಕೆಟ್ಟದ್ದು ಅಂತಲ್ಲ, ಅಕ್ಕಪಕ್ಕದ ಏಳಕ್ಕಿಂತ ಬೇರೆಯಾಗಿರುವುದು ಶಂಕೆಗೆ ಅರ್ಹ. ಎಲ್ಲ ಬೆಚ್ಚಗಿರುವಾಗ ಒಂದು ಮಾತ್ರ ತಣ್ಣಗಿದ್ದರೆ ಅದೂ ಅಷ್ಟೇ ಅನುಮಾನ. ಗೌಡ್ರ ಐಸಿ 11 ಮುಟ್ಟಿದರೆ ಪಕ್ಕದವುಗಳ ಹಾಗೇ ಇತ್ತು. ಬೆರಳನ್ನು ನಂಬಿದ್ದರೆ ಅದನ್ನು ಬಿಟ್ಟುಬಿಡುತ್ತಿದ್ದೆ.

6. ಎಂಟೂ ಕೆಟ್ಟಿದೆ ಅಂದರೆ ಒಂದೂ ಕೆಟ್ಟಿರಲಿಕ್ಕಿಲ್ಲ

ನಾನು ಮಾಡಿದ ದೊಡ್ಡ ತಪ್ಪು ಈ ಪಾಠದ್ದು. ಇನ್ನೊಂದು ಮಿಷಿನ್, ಎಲ್ಲ ಬಿಟ್‌ಗಳೂ ಅಡ್ಡಾದಿಡ್ಡಿ. ಎಂಟೂ ಸತ್ತಿವೆ ಎಂದು ತೀರ್ಮಾನಿಸಿ ಎರಡು ರಾತ್ರಿ ಕೂತು ಎಂಟನ್ನೂ ಕಿತ್ತೆ. ಹೊಸ ಎಂಟು ಹಾಕಿದೆ. ತೆರೆ ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಎಂಟು ಚಿಪ್ ಒಂದೇ ದಿನ ಸಾಯುವುದು ವೋಲ್ಟೇಜ್ ಏರುಪೇರಾದಾಗ ಮಾತ್ರ. ಅದಿಲ್ಲದೆ ಎಲ್ಲವೂ ಒಟ್ಟಿಗೆ ತಪ್ಪು ಹೇಳುತ್ತಿದ್ದರೆ ಎಲ್ಲಕ್ಕೂ ಸೇರಿದ್ದೇನು ಎಂದು ಹುಡುಕಬೇಕು. 4116ರಲ್ಲಿ 16,384 ಮನೆ ಇದ್ದರೂ ವಿಳಾಸಕ್ಕೆ ಇರುವುದು ಏಳೇ ಕಾಲು. ವಿಳಾಸವನ್ನು ಎರಡು ತುಂಡು ಮಾಡಿ, ಮೊದಲು ಸಾಲು, ಆಮೇಲೆ ಕಂಬ ಎಂದು ಸರದಿಯಲ್ಲಿ ಕಳಿಸುತ್ತಾರೆ. ಆ ಸರದಿ ಮಾಡಿಸುವವು ‘74ಎಲ್‌ಎಸ್157’ ಎಂಬ ಎರಡು ಪುಟ್ಟ ಚಿಪ್, ಐಸಿ 3 ಮತ್ತು ಐಸಿ 4. ನನ್ನ ಆ ಮಿಷಿನ್‌ನಲ್ಲಿ ಕೆಟ್ಟದ್ದು ಐಸಿ 3. ಪೋಸ್ಟ್‌ಮ್ಯಾನ್ ದಾರಿ ತಪ್ಪಿದ್ದಕ್ಕೆ ನಾನು ಎಂಟು ಮನೆ ಕೆಡವಿದ್ದೆ.

ಗೌಡ್ರಿಗೆ ಈ ಕಥೆ ಹೇಳಿದೆ. “ಬೋರರ್ ಟ್ರೇಸಿಂಗ್ ನೋಡಿಲ್ವ ನೀನು?” ಎಂದರು. “ಅರೇಬಿಕಾದ ಪಟ್ಟೆ ಪೂರ್ತಿ ಹಳದಿ ತಿರುಗಿದ್ರೆ ಬೋರರ್ ಅನ್ನಲ್ಲ. ಬುಡದಲ್ಲಿ ನೀರು ನಿಂತಿದ್ಯ, ನೆರಳು ಹಾರಿದ್ಯ ನೋಡ್ತೀವಿ. ಸಾಲಲ್ಲಿ ಒಂದೇ ಗಿಡ ಬಾಡಿ, ಕಾಂಡದ ಮೇಲೆ ಉಬ್ಬು ಗೆರೆ ಇದ್ರೆ, ಆಗ ಕಿತ್ತು ಸುಡದು.” ಕಾಂಡಕೊರಕವನ್ನು ಮೂರು ತಲೆಮಾರು ಹುಡುಕಿದವರ ಮಾತು. ನಾನದನ್ನು ನನ್ನ ಪುಸ್ತಕದಲ್ಲಿ ಹಾಗೇ ಬರೆದುಕೊಂಡೆ.

7. ತನಿಖೆಗೆ ಬಂದವ ಆರೋಪಿಯ ಮನೆಯಲ್ಲಿ ಉಣ್ಣಬಾರದು

ತೆರೆಯಿಂದ ಏನೂ ಓದಲಾಗದ ಮಿಷಿನ್‌ಗಳೂ ಬರುತ್ತವೆ. ಅದಕ್ಕೆ ಪರೀಕ್ಷೆಯ ಪ್ರೋಗ್ರಾಮ್ ಬೇಕು. ಆದರೆ ಸಾಮಾನ್ಯ ಪ್ರೋಗ್ರಾಮ್ ನಡೆಯುವುದೇ ಮೆಮೊರಿಯ ಮೇಲೆ. ಒಂದು ಸಬ್‌ರೂಟೀನ್ ಕರೆದರೂ ಝಡ್80 ಪ್ರೊಸೆಸರ್ ಹಿಂದಿರುಗುವ ವಿಳಾಸವನ್ನು ರಾಮ್‌ನಲ್ಲಿ ಬರೆದಿಡುತ್ತದೆ. ರಾಮ್ ಕೆಟ್ಟಿದ್ದರೆ ಹೋದವನು ಮನೆಗೆ ಬರುವುದಿಲ್ಲ.

ನಾನು 16ಕೆ ಇಪ್ರಾಮ್ ಒಂದರಲ್ಲಿ ನನ್ನದೇ ಪರೀಕ್ಷೆ ಬರೆದು ಮೂಲ ರೋಮ್ ಚಿಪ್‌ನ ಜಾಗದಲ್ಲಿ ಕೂರಿಸುತ್ತೇನೆ. ಒಂದೆರಡು ಕಾಲಿನ ಹೊಂದಾಣಿಕೆ ಬೇಕಾಗುತ್ತದೆ, ಅಷ್ಟೇ. ಅದರಲ್ಲಿ ಸಬ್‌ರೂಟೀನ್ ಇಲ್ಲ, ರಾಮ್‌ನಲ್ಲಿ ಒಂದು ಬೈಟಿನ ಸಾಲವೂ ಇಲ್ಲ. ಝಡ್80ಗೆ ಎರಡು ಜೊತೆ ರಿಜಿಸ್ಟರ್ ಇವೆ, ಲೆಕ್ಕವೆಲ್ಲ ಅದರೊಳಗೇ. ಫಲಿತಾಂಶ ಹೇಳುವುದು ತೆರೆಯ ಸುತ್ತಲಿನ ಅಂಚಿನ ಬಣ್ಣ. ಅಂಚಿನ ಬಣ್ಣ ಮೆಮೊರಿಯಲ್ಲಿ ಇರುವುದಿಲ್ಲ, ತೆರೆಗೆ ಚಿತ್ರ ಕಳಿಸುವ ಯುಎಲ್‌ಎ ಚಿಪ್‌ನಲ್ಲೇ ಇರುತ್ತದೆ. ಮೆಮೊರಿ ಪೂರ್ತಿ ಸತ್ತರೂ ಅಂಚು ಸತ್ಯ ಹೇಳುತ್ತದೆ. ಎಂಟು ಬಿಟ್‌ಗೆ ಎಂಟು ಸೆಕೆಂಡ್, ಹಸಿರು ಬಂದರೆ ಪಾಸು, ಕೆಂಪು ಬಂದರೆ ಫೇಲು. ಗೌಡ್ರ ಮಿಷಿನ್‌ಗೆ ಹಾಕಿದಾಗ ಐದು ಹಸಿರು, ಒಂದು ಕೆಂಪು, ಮತ್ತೆರಡು ಹಸಿರು. ತೆರೆ ಹೇಳಿದ್ದನ್ನೇ ಅಂಚೂ ಹೇಳಿತು. ಎರಡು ಸಾಕ್ಷಿ ಸಿಕ್ಕ ಮೇಲೆ ಐಸಿ 11 ಕಿತ್ತೆ.

8. ತೆರೆ ಬೆಳ್ಳಗಾದ ಕೂಡಲೇ ಬಿಲ್ ಬರೆಯಬೇಡಿ

ಹೊಸ ಐಸಿ 11 ಹಾಕಿದ ಮೇಲೆ ಬಿಳಿ ತೆರೆ, ಕೆಳಗೆ ಕಂಪನಿಯ ಹೆಸರು. ಗೌಡ್ರು ಛತ್ರಿ ಕೈಗೆ ತಗೊಂಡರು. ನಾನು ಕೂರಿಸಿದೆ.

ಕೆಳಗಿನ 16ಕೆ ಸರಿ ಇದ್ದರೆ ಸ್ಪೆಕ್ಟ್ರಮ್ ಎದ್ದೇಳುತ್ತದೆ. ಮೇಲಿನ 32ಕೆ ಇಡೀ ಸತ್ತರೂ ಅದು ಸುಮ್ಮನೆ 16ಕೆ ಮಿಷಿನ್‌ನಂತೆ ನಡೆಯುತ್ತದೆ, ದೂರು ಹೇಳುವುದಿಲ್ಲ. ಕೇಳಬೇಕು. ಬೇಸಿಕ್‌ನಲ್ಲಿ ‘ಪ್ರಿಂಟ್ ಪೀಕ್ 23732 + 256 * ಪೀಕ್ 23733’ ಎಂದು ಕೇಳಿದರೆ ಎಲ್ಲಿಯವರೆಗೆ ಮೆಮೊರಿ ಚೆನ್ನಾಗಿದೆ ಎಂದು ಅದು ನಂಬಿದೆಯೋ ಆ ಸಂಖ್ಯೆ ಬರುತ್ತದೆ. 65535 ಬಂದರೆ ಪೂರ್ತಿ, 32767 ಬಂದರೆ ಮೇಲಿನದು ಇಲ್ಲ. ಗೌಡ್ರ ಮಿಷಿನ್ 65535 ಎಂದಿತು.

ಅಲ್ಲೂ ನಿಲ್ಲಬಾರದು. ಎದ್ದೇಳುವಾಗ ಅದು ಮಾಡುವ ಪರೀಕ್ಷೆ ಬಲು ಸಣ್ಣದು. ಬರೆದ 2ನ್ನು ಒಂದೊಂದೇ ಕಳೆದು 1, ಆಮೇಲೆ 0 ಆಗುತ್ತದೆಯೇ ನೋಡುತ್ತದೆ, ಅಷ್ಟೇ. ಮೇಲಿನ ಆರು ಬಿಟ್‌ಗಳಲ್ಲಿ ಯಾವುದಾದರೂ ‘1’ರಲ್ಲಿ ಕಚ್ಚಿಕೊಂಡಿದ್ದರೆ ಸಿಕ್ಕಿಬೀಳುತ್ತದೆ. ‘0’ಯಲ್ಲಿ ಕಚ್ಚಿಕೊಂಡಿದ್ದರೆ ಸಿಗುವುದಿಲ್ಲ, ಯಾಕೆಂದರೆ ಆ ಬಿಟ್‌ಗೆ 1 ಬರೆದು ನೋಡುವುದೇ ಇಲ್ಲ. ನಾನು 32767ರ ಮೇಲಿನ ಜಾಗ ಖಾಲಿ ಮಾಡಿಸಿ, ಪ್ರತಿ ಮನೆಗೆ 170 ಬರೆದು ಓದಿಸುವ ನಾಲ್ಕು ಸಾಲಿನ ಪ್ರೋಗ್ರಾಮ್ ಹಾಕಿದೆ. ಬೇಸಿಕ್ ನಿಧಾನ, ಒಂದು ಕಾಫಿ ಕುಡಿದು ಬರುವಷ್ಟು ಹೊತ್ತು. ವಾಪಸ್ ಬಂದಾಗ ಒಂದಷ್ಟು ಮನೆಗಳ ಉತ್ತರ 162, 162, 162. 170ರಲ್ಲಿ 162 ಕಳೆದರೆ 8. ಎಂಟು ಅಂದರೆ 3ನೇ ಬಿಟ್. ಮೇಲಿನ ಮೆಮೊರಿಯ ಐಸಿ 15 ಸೊನ್ನೆಯಾದರೆ 3ನೆಯದು ಐಸಿ 18.

ಬಿಳಿ ತೆರೆಯನ್ನು ನಂಬಿ ಕಳಿಸಿದ್ದರೆ ಮೊಮ್ಮಕ್ಕಳು ಆಟ ಲೋಡ್ ಮಾಡಿದ ದಿನವೇ ಗೌಡ್ರು ಟ್ರಂಕ್ ಸಮೇತ ಹಿಂದಕ್ಕೆ ಬರುತ್ತಿದ್ದರು.

9. ಒಂದೇ ಪ್ರಶ್ನೆಗೆ ಎಲ್ಲರೂ ಪಾಸಾಗುತ್ತಾರೆ

ಮೆಮೊರಿಯನ್ನು ನಾನು ನಾಲ್ಕು ರೀತಿ ಕೇಳುತ್ತೇನೆ.

ಮೊದಲು 170, ಆಮೇಲೆ 85. ಎರಡೂ ಸೇರಿದರೆ ಪ್ರತಿ ಬಿಟ್‌ಗೂ ಒಮ್ಮೆ 1, ಒಮ್ಮೆ 0 ಬರೆದ ಹಾಗಾಗುತ್ತದೆ.

ಎರಡನೆಯದು, ಪ್ರತಿ ಮನೆಗೂ ಬೇರೆ ಬೇರೆ ಅಂಕಿ. ವಿಳಾಸದ ಒಂದು ತಂತಿ ಕಡಿದಿದ್ದರೆ ಎರಡು ವಿಳಾಸ ಒಂದೇ ಮನೆಗೆ ಹೋಗುತ್ತವೆ. ಎಲ್ಲ ಮನೆಗೂ 170 ಹಂಚಿದರೆ ಯಾರಿಗೂ ತಿಳಿಯುವುದಿಲ್ಲ. ಬೇರೆ ಬೇರೆ ಕಾಗದ ಹಾಕಿದಾಗ ಒಬ್ಬರ ಕಾಗದ ಇನ್ನೊಬ್ಬರ ಡಬ್ಬದಲ್ಲಿ ಸಿಗುತ್ತದೆ.

ಮೂರನೆಯದು, ಬರೆದು, ಕಾದು, ಓದುವುದು. ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಈ ಬಗೆಯ ಮೆಮೊರಿಯಲ್ಲಿ ಒಂದು ಬಿಟ್ ಅಂದರೆ ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್. ಅದು ತೂತಿನ ಕೊಡ. 4116ರ 128 ಸಾಲುಗಳನ್ನೂ 2 ಮಿಲಿಸೆಕೆಂಡಿನೊಳಗೆ ಒಮ್ಮೆ ತುಂಬಿಸುತ್ತಲೇ ಇರಬೇಕು. ಕೆಲವು ಮುದಿ ಚಿಪ್‌ಗಳ ತೂತು ದೊಡ್ಡದಾಗಿರುತ್ತದೆ. ಬರೆದ ಕೂಡಲೇ ಕೇಳಿದರೆ ಸರಿ ಉತ್ತರ, ಐದು ನಿಮಿಷ ಬಿಟ್ಟು ಕೇಳಿದರೆ ತಪ್ಪು.

ನಾಲ್ಕನೆಯದು, ಇವೇ ಮೂರು ಪ್ರಶ್ನೆ ಬಿಸಿಯಲ್ಲಿ. ಬಿಸಿ ಏರಿದಷ್ಟೂ ಸೋರಿಕೆ ಹೆಚ್ಚು. ಡಿಸೆಂಬರ್‌ನ ಬೆಳಗಿನ ಚಳಿಯಲ್ಲಿ ಪಾಸಾದ ಮಿಷಿನ್ ಬೆಂಗಳೂರಿನ ಏಪ್ರಿಲ್‌ನಲ್ಲಿ ಫೇಲಾದದ್ದಿದೆ. ಹೇರ್ ಡ್ರೈಯರ್ ದೂರದಲ್ಲಿ ಹಿಡಿದು, ಅರ್ಧ ಗಂಟೆ ನಡೆಸಿ, ಮತ್ತೆ ಕೇಳುತ್ತೇನೆ.

ಇಷ್ಟಾದರೂ ತಿಂಗಳಿಗೊಮ್ಮೆ ಎಲ್ಲೋ ಒಂದು ಬಿಟ್ ಎಗರಿದರೆ ಚಿಪ್ ಕೀಳಲು ಓಡಬೇಡಿ. ಇಂಟೆಲ್ ಕಂಪನಿಯ ತಿಮೊಥಿ ಮೇ ಮತ್ತು ಮರ್ರಿ ವುಡ್ಸ್ 1978ರಲ್ಲಿ ತೋರಿಸಿಕೊಟ್ಟ ಹಾಗೆ, ಚಿಪ್ ಕೂರಿಸುವ ಕವಚದೊಳಗಿನ ಯುರೇನಿಯಂ, ಥೋರಿಯಂ ಲೇಶದಿಂದ ಹೊರಟ ಆಲ್ಫಾ ಕಣ ಕೂಡ ಒಂದು ಬಿಟ್ ಉರುಳಿಸಬಲ್ಲದು. ಚಿಪ್ ಕೆಟ್ಟಿರುವುದಿಲ್ಲ. ನಮ್ಮಲ್ಲಂತೂ ಅದಕ್ಕೂ ಮೊದಲು ಹಿತ್ತಲಲ್ಲಿ ಕರೆಂಟು ಕುಗ್ಗಿಸುವ ಪಂಪ್‌ಸೆಟ್ ಯಾವಾಗ ಶುರುವಾಯಿತು ಎಂದು ವಿಚಾರಿಸಿ.

10. ಬೆನ್ನ ಮೇಲೆ ಕೂರಿಸುವ ಉಪಾಯಕ್ಕೆ ಒಂದೇ ಕಣ್ಣು

ಶಂಕೆಯ ಚಿಪ್ ಮೇಲೆ ಅದೇ ಜಾತಿಯ ಒಳ್ಳೆ ಚಿಪ್ ಅನ್ನು, ಕಾಲಿಗೆ ಕಾಲು ತಾಗುವಂತೆ, ಒತ್ತಿ ಹಿಡಿದು ಕರೆಂಟು ಕೊಡುವ ಉಪಾಯವೊಂದುಂಟು. ಕೆಳಗಿನದು ಬಾಯಿ ಮುಚ್ಚಿ ಸತ್ತಿದ್ದರೆ ಮೇಲಿನದು ಅದರ ಪರವಾಗಿ ಉತ್ತರ ಕೊಡುತ್ತದೆ, ತೆರೆ ಸರಿಯಾಗುತ್ತದೆ. ಕೆಳಗಿನದು ಸತ್ತಿಲ್ಲ, ಸುಳ್ಳು ಹೇಳುತ್ತಿದೆ ಅಂದರೆ ಇಬ್ಬರೂ ಒಟ್ಟಿಗೆ ಕೂಗುತ್ತಾರೆ, ನಿಮಗೇನೂ ಕೇಳಿಸುವುದಿಲ್ಲ. ಗೌಡ್ರ ಐಸಿ 11 ಎರಡನೇ ಜಾತಿ. ತೆರೆ ಸರಿಯಾದರೆ ಗೆದ್ದಿರಿ. ಆಗದಿದ್ದರೆ ಏನೂ ತಿಳಿದಂತಾಗಲಿಲ್ಲ, ಆ ಚಿಪ್ ನಿರಪರಾಧಿ ಎಂದು ಬರೆದುಕೊಳ್ಳಬೇಡಿ.

11. ಚಿಪ್ ಹೋಗಲಿ, ಬೋರ್ಡ್ ಉಳಿಯಲಿ

ಚಿಪ್ ಅನ್ನು ಇಡಿಯಾಗಿ ಎಬ್ಬಿಸಲು ಹೋದರೆ ಹದಿನಾರು ಕಾಲಿಗೂ ಮತ್ತೆ ಮತ್ತೆ ಬಿಸಿ ಕೊಡಬೇಕಾಗುತ್ತದೆ. ಅಷ್ಟರಲ್ಲಿ ನಲವತ್ತು ವರ್ಷದ ಬೋರ್ಡಿನ ತಾಮ್ರದ ಗೆರೆ ಒಣಗಿದ ಸಿಪ್ಪೆಯ ಹಾಗೆ ಏಳುತ್ತದೆ. ಆದ್ದರಿಂದ ಆರೋಪ ಸಾಬೀತಾದ ಮೇಲೆ ದಯೆ ಬೇಡ. ಸಣ್ಣ ಕಟರ್‌ನಿಂದ ಹದಿನಾರು ಕಾಲನ್ನೂ ಮೈಗೆ ಹತ್ತಿ ಕತ್ತರಿಸಿ, ಮೈ ತೆಗೆದು, ಉಳಿದ ಕಾಲುಗಳನ್ನು ಒಂದೊಂದಾಗಿ ಕರಗಿಸಿ ಎಳೆಯಿರಿ. ತೂತು ಬಿಡಿಸುವ ಮೊದಲು ಹಳೆ ಬೆಸುಗೆಗೆ ಸ್ವಲ್ಪ ಹೊಸ ಲೆಡ್ ಕೊಡಿ, ಆಮೇಲೆ ಪಂಪ್ ಹಾಕಿ. ಗ್ರೌಂಡಿನ ಕಾಲು ಬಿಸಿಯನ್ನೆಲ್ಲ ಕುಡಿಯುತ್ತದೆ, ಅದನ್ನು ಕೊನೆಗಿಡಿ. ಹೊಸ ಚಿಪ್ ಅನ್ನು ನೇರ ಬೆಸೆಯದೆ ಸಾಕೆಟ್ ಹಾಕಿ. ಮುಂದೊಮ್ಮೆ ಬಿಚ್ಚುವವನು ನೀವೇ ಆಗಿರಬಹುದು.

ಕಾಲು ಕತ್ತರಿಸಿದ ಮೇಲೆ ಹಿಂದಕ್ಕೆ ದಾರಿ ಇಲ್ಲ. ಮೊದಲ ಹತ್ತು ಪಾಠ ಇರುವುದು ಈ ಕತ್ತರಿಗಾಗಿ.

12. ಹೊಸದನ್ನೂ ವಿಚಾರಿಸಿ

ಐಸಿ 18 ಬದಲಾಯಿಸಲು ಹೋದಾಗ ಎರಡು ಬಲೆ ಇದ್ದವು.

ಮೊದಲನೆಯದು ಸಿಂಕ್ಲೇರನ ಜಿಪುಣತನ. ಮೇಲಿನ 32ಕೆಗೆ ಹಾಕಿದ ಎಂಟು ಚಿಪ್ ಹುಟ್ಟಿನಿಂದ 64ಕೆ ಚಿಪ್‌ಗಳು, ಆದರೆ ಕಾರ್ಖಾನೆಯಲ್ಲೇ ಅರ್ಧ ಫೇಲಾದವು. ಚೆನ್ನಾಗಿರುವ ಅರ್ಧವನ್ನು 32ಕೆ ಎಂದು ಅಗ್ಗಕ್ಕೆ ಮಾರುತ್ತಿದ್ದರು. 48ಕೆ ಮಿಷಿನ್ ಶುರುವಿನಲ್ಲಿ 175 ಪೌಂಡಿಗೆ ಸಿಕ್ಕಿದ್ದರಲ್ಲಿ ಇದರ ಪಾಲೂ ಇದೆ. ಯಾವ ಅರ್ಧ ಒಳ್ಳೆಯದು ಎಂಬ ಗುರುತು ಚಿಪ್ಪಿನ ಬೆನ್ನ ಮೇಲಿರುತ್ತದೆ, ಬೋರ್ಡಿನ ಮೇಲೊಂದು ಜಂಪರ್ ತಂತಿ ಆ ಅರ್ಧವನ್ನು ಆರಿಸುತ್ತದೆ. ಎಂಟೂ ಒಂದೇ ಅರ್ಧದವಾಗಿರಬೇಕು. ಇದನ್ನು ಕೇಳಿ ಗೌಡ್ರು ಗಹಗಹಿಸಿದರು. “ಕ್ಯೂರಿಂಗ್‌ನಲ್ಲಿ ಒಡೆದ ಬೀಜ ಮಾರಲ್ವ, ಹಾಗೆ. ನಾವು ಅದಕ್ಕೆ ಬಿಟ್ಸ್ ಅಂತೀವಿ!” ನಾವೂ ಬಿಟ್ಸ್ ಅಂತಲೇ ಅನ್ನುವುದು ಗೌಡ್ರೇ ಎಂದೆ. ಪೂರ್ತಿ ಚೆನ್ನಾಗಿರುವ ‘4164’ ಹಾಕಿದರೆ ಯಾವ ಅರ್ಧದ ಚಿಂತೆಯೂ ಇಲ್ಲ. ಆದರೆ ಅದನ್ನು ಮರೆತು ಕೆಳಗಿನ 4116ರ ಸಾಕೆಟ್ಟಿಗೆ ಒತ್ತೀರಿ ಜೋಕೆ. ಎರಡಕ್ಕೂ ಹದಿನಾರೇ ಕಾಲು. ಅಲ್ಲಿ ಎಂಟನೇ ಕಾಲಿಗೆ 12 ವೋಲ್ಟ್, ಇದು 5 ವೋಲ್ಟಿನ ಜೀವ.

ಎರಡನೇ ಬಲೆ ನಾನೇ ಒಡ್ಡಿಕೊಂಡದ್ದು. ಹೊಸ 4164 ಹಾಕಿ ಪರೀಕ್ಷೆ ಓಡಿಸಿದೆ, ಆ ಬಿಟ್ ಇನ್ನೂ ತಪ್ಪು. ಸಾಕೆಟ್ ನೋಡಿದೆ, ಗೆರೆ ನೋಡಿದೆ, ಸರದಿಯ ಚಿಪ್ ನೋಡಿದೆ, ಅರ್ಧ ದಿನ ಹೋಯಿತು. ಕೊನೆಗೆ ಬಿಡಿ ಚಿಪ್ ಅನ್ನೇ ದೀಪದ ಕೆಳಗೆ ಓರೆಯಾಗಿ ಹಿಡಿದೆ. ಹಳೆ ಅಕ್ಷರ ಉಜ್ಜಿ ತೆಗೆದು ಹೊಸದಾಗಿ ಅಚ್ಚು ಹಾಕಿದ್ದರು. ಪಟ್ಟಣದ ಗುಜರಿಯಲ್ಲಿ ಡಜನ್ ಲೆಕ್ಕದಲ್ಲಿ ಕೊಂಡ ಮಾಲು, ಕೊಂಡದ್ದು ನಾನೇ, ಒಂದನ್ನೂ ಪರೀಕ್ಷಿಸದೆ ಡಬ್ಬಕ್ಕೆ ಹಾಕಿ ‘ಹೊಸತು’ ಎಂದು ಚೀಟಿ ಅಂಟಿಸಿದವನೂ ನಾನೇ. ಹಳೆ ಚಿಪ್‌ಗೆ ನಾಲ್ಕು ಪ್ರಶ್ನೆ ಕೇಳಿ, ಹೊಸದಕ್ಕೆ ಒಂದೂ ಕೇಳಿರಲಿಲ್ಲ. ಈಗ ಎಲ್ಲ ಸಾಕೆಟ್ ಹಾಕಿದ ಒಂದು ಬೋರ್ಡ್ ಅದಕ್ಕೆಂದೇ ಇದೆ. ಅದರಲ್ಲಿ ಪಾಸಾಗದ ಬಿಡಿ ಚಿಪ್ ಡಬ್ಬ ಸೇರುವುದಿಲ್ಲ.

13. ಎರಡು ಲೆಕ್ಕ ಬರೆದಿಡಿ

ಮಿಷಿನ್ ಒಂದಕ್ಕೆ ನನ್ನ ಪುಸ್ತಕದಲ್ಲಿ ಒಂದು ಪುಟ. ಏನು ಕಂಡೆ, ಏನು ಕೇಳಿದೆ, ಏನು ಉತ್ತರ ಬಂತು. ಕೊನೆಗೆ ಎರಡು ಲೆಕ್ಕ: ಕಿತ್ತದ್ದೆಷ್ಟು, ಅದರಲ್ಲಿ ನಿಜಕ್ಕೂ ಕೆಟ್ಟದ್ದೆಷ್ಟು. ಗೌಡ್ರ ಪುಟದಲ್ಲಿ ಎರಡು, ಎರಡು ಎಂದಿದೆ. ಐಸಿ 3ರ ಪುಟದಲ್ಲಿ ಒಂಬತ್ತು, ಒಂದು.

ದಸರಾಕ್ಕೆ ಮೂರು ದಿನ ಮುಂಚೆ ಗೌಡ್ರು ಮಿಷಿನ್ ಒಯ್ಯಲು ಬಂದರು. ಪರೀಕ್ಷೆ ಕೊನೆಯ ಸುತ್ತಿನಲ್ಲಿತ್ತು, ಕಾಯುತ್ತ ಕೂತರು. ಮೇಜಿನ ಮೇಲೆ ಒಂದು ಹಾರ್ಲಿಕ್ಸ್ ಬಾಟಲಿ ಇದೆ, ಅದರ ತುಂಬ ಕಾಲು ಕತ್ತರಿಸಿದ ಚಿಪ್. ಅದನ್ನೆತ್ತಿ ಅಲ್ಲಾಡಿಸಿ ನೋಡಿದರು.

“ಇಷ್ಟೆಲ್ಲ ಕೆಟ್ಟವಾ ಮಾರಾಯ?”

“ಕೆಟ್ಟವನ್ನು ಬಿಸಾಕ್ತೀನಿ ಗೌಡ್ರೇ. ಅವೆಲ್ಲ ಚೆನ್ನಾಗಿದ್ದವು.”

ಅವರು ಬಾಟಲಿಯನ್ನು ಇದ್ದ ಜಾಗದಲ್ಲೇ, ಶಬ್ದವಾಗದ ಹಾಗೆ ಇಟ್ಟರು.